ಆಟೋದಲ್ಲಿ ಬಂದ ಕನ್ನಡ ಫಾಂಟು

ಚಾಮರಾಜಪೇಟೆಯ ಪ್ರೆಸ್ಸಿನ ಕಂಪ್ಯೂಟರ್ ಪರದೆಯಲ್ಲಿ ನಮ್ಮಜ್ಜಿಯ ಹೆಸರಿರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು ಎಲ್ಲ ಕಲಸುಮೇಲೋಗರವಾಗಿ ಕುಳಿತಿದ್ದವು. ಅಜ್ಜಿಯ ಸಹಸ್ರಚಂದ್ರದರ್ಶನ ಶಾಂತಿಯ ಆಮಂತ್ರಣವನ್ನು ನಾನೇ ಮನೆಯಲ್ಲಿ ವಿನ್ಯಾಸ ಮಾಡಿ ಫ್ಲಾಪಿಯಲ್ಲಿ ತಂದಿದ್ದೆ. ನಾನು ಬಳಸಿದ್ದ ಕನ್ನಡ ಫಾಂಟು ಅವರಲ್ಲಿರಲಿಲ್ಲ. ನನ್ನದನ್ನು ಬೇರೆ ಕಂಪ್ಯೂಟರಿಗೆ ಒಯ್ಯಲಾಗದಂತೆ ಮಾರಿದವರೇ ಬೀಗ ಹಾಕಿದ್ದರು.

"ಇಂಗ್ಲಿಷಲ್ಲೇ ಹಾಕ್ಬಿಡೋಣ ಬಿಡಿ ಮೇಡಂ, ಯಾವ ಕಂಪ್ಯೂಟರಲ್ಲಾದ್ರೂ ಬರುತ್ತೆ" ಎಂದರು ಪ್ರೆಸ್ಸಿನ ಯಜಮಾನರು.

ನಮ್ಮಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದೆ.

"ಅವ್ರಿಗ್ಯಾಕೆ ಕಾರ್ಡು? ಮನೇಲೇ ಇರ್ತಾರಲ್ಲ!"

ಮೈಯೆಲ್ಲ ಉರಿದುಹೋಯಿತು. ಯಾರಿಗಾಗಿ ಸಮಾರಂಭವೋ ಅವರಿಗೇ ಓದಲಾಗದ ಆಮಂತ್ರಣವೇ? ನೇರ ಬಸವನಗುಡಿಯ ಮನೆಗೆ ಹೋಗಿ ಸಿಪಿಯುವಿನ ವೈರುಗಳನ್ನು ಕಿತ್ತು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸು ಬಂದೆ. ಅವರ ಪ್ರಿಂಟರಿನ ಪಕ್ಕದಲ್ಲೇ ಅದನ್ನು ಇಳಿಸಿ, "ಇದಕ್ಕೇ ಜೋಡಿಸಿ" ಎಂದೆ. ಯಜಮಾನರು ಎದ್ದು ಪ್ರಿಂಟರಿನ ವೈರನ್ನು ಅದಕ್ಕೆ ಸಿಕ್ಕಿಸಿದರು.

ದೇವರ ಮುಂದಿಟ್ಟು ಅರಿಶಿನ ಹಚ್ಚಿದ ಮೊದಲ ಕಾರ್ಡನ್ನು ಅಜ್ಜಿಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಗಟ್ಟಿಯಾಗಿ ಓದಿದರು. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಪ್ರೆಸ್ಸಿನಲ್ಲಿ ಬಂದ ಆ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.