ಬೈಗುಳಕ್ಕೊಂದು ಸಿಹಿ ಲೋಟ

ಸೋಲೋ ಎಂಬ ನಮ್ಮೂರಿನ ಕ್ಯಾನ್ಸರ್ ಆಸ್ಪತ್ರೆಗೆ ಸೂರ್ಯನಾದರೂ ತಡವಾಗಿ ಬಂದಾನು, ಬೆನ್ನಿಗೆ ಬಾಟಲಿಗಳ ಬುಟ್ಟಿ ಕಟ್ಟಿಕೊಂಡ ಜಾಮು ಅಜ್ಜಿ ಟುಕಿನೆಮ್ ಮಾತ್ರ ತಡಮಾಡಿದವಳಲ್ಲ. ಜಾಮು ಎಂದರೆ ನಮ್ಮ ಬೇರು-ಸೊಪ್ಪಿನ ಕಷಾಯ. ಇವಳದು ವೀಳ್ಯದೆಲೆ, ಅರಿಸಿನ ಕುದಿಸಿದ್ದು, ಕುಡಿಯಲಿಕ್ಕಲ್ಲ, ಬಾಯಿ ಮುಕ್ಕಳಿಸಲಿಕ್ಕೆ. ಕೀಮೋ ಹಾಕಿಸಿಕೊಳ್ಳಲು ಹೊರಟವರನ್ನು ಗೇಟಿನಲ್ಲೇ ತೋಳು ಹಿಡಿದು ನಿಲ್ಲಿಸುತ್ತಾಳೆ: "ಬಾಯಲ್ಲಿ ಹುಣ್ಣೆದ್ದ ಮೇಲೆ ಅಳೋದಲ್ಲ, ಈಗ್ಲೇ ಮುಕ್ಕಳ್ಸು!" ನಮ್ಮ ಡಾಕ್ಟರು "ಹಾನಿಯೇನಿಲ್ಲ, ಆದ್ರೆ ಇದೊಂದನ್ನೇ ನಂಬ್ಕೋಬೇಡಿ" ಎಂದರೆ, ಮೊದಲರ್ಧವನ್ನಷ್ಟೇ ಊರಿಗೆಲ್ಲ ಸಾರಿದಳು. ಆ ಕಷಾಯವನ್ನು ಉಗುಳಿಸಿಕೊಂಡು ಗೇಟಿನ ಬೇಲಿಗಿಡಗಳೂ ಮುಖ ಸಿಂಡರಿಸಿವೆ. ಕಹಿಯ ಬೆನ್ನಿಗೇ ಒಂದು ಲೋಟ ಸಿಹಿ ಕೊಡುವುದು ಜಾಮು ಮಾರುವವರ ಪದ್ಧತಿ. ಇವಳು ತನ್ನನ್ನು ಬೈದವರಿಗೆ ಮಾತ್ರ ಕೊಡುತ್ತಾಳೆ. ಕೀಮೋಗೆ ಬರುತ್ತಿದ್ದ, ಹಿಂದೆ ಬಸ್ ಕಂಡಕ್ಟರಾಗಿದ್ದ ಸರ್ವೊಕೊ "ಏ ಮುದ್ಕಿ, ಚರಂಡಿ ನೀರು ಕಾಯ್ಸಿ ತಂದ್ಯಾ?" ಎಂದು ಶುರುಮಾಡಿದರೆ ಸಾಲಿಗೆ ಸಾಲೇ ನಗುತ್ತಿತ್ತು, ಅಜ್ಜಿ ಹಿಗ್ಗಿ ಅವನಿಗೆ ಎರಡು ಲೋಟ ಸುರಿಯುತ್ತಿದ್ದಳು. "ಬೈಸ್ಕೊಳ್ಳೋದ್ರಲ್ಲಿ ಅದೇನು ಸುಖಾನೋ!" ಎಂದು ದಾದಿಯರು ನಾವು ಚುಡಾಯಿಸಿದರೆ, "ಹುಣ್ಣಾದ ಬಾಯಿ ಬಯ್ಯಲ್ಲ ಕಣ್ರೇ" ಎನ್ನುತ್ತಿದ್ದಳು. ಮೊನ್ನೆ ಸರ್ವೊಕೊ ಬಂದ; ಮುಕ್ಕಳಿಸಿದ, ಉಗುಳಿದ, ತುಟಿ ಬಿಚ್ಚದೆ ಸುಮ್ಮನೆ ತಲೆಯಾಡಿಸಿದ. ಸಾಲಿನಲ್ಲಿ ಯಾರೂ ನಗಲಿಲ್ಲ. ಅಜ್ಜಿ ಸಿಹಿ ಲೋಟವನ್ನು ಅವನ ಕೈಗೆ ತುರುಕಿ, ಬಿಡದೆ ತಾನೂ ಹಿಡಿದುಕೊಂಡೇ ನಿಂತಳು. "ಬಯ್ಯೋ ಮಾರಾಯ," ಎಂದಳು, "ಮೆತ್ತಗೆ ಅಂದ್ರೂ ಸಾಕು, ಒಂದ್ಸಲ ಬಯ್ಯೋ."