ಅಕ್ಕನ ಹಾವುರಾಣಿಗಳು

ಹಿತ್ತಲ ಬಾಗಿಲು ತೆರೆಯುವ ಮೊದಲು ನಮ್ಮಕ್ಕ ಅದನ್ನು ಒಳಗಿನಿಂದಲೇ ಎರಡು ಸಲ ತಟ್ಟುತ್ತಿದ್ದಳು. ಹೊರಗೆ ಬಿಸಿಲು ಕಾಯಿಸುತ್ತ ಮಲಗಿದವರು ಬೆದರಬಾರದು ಎಂದು. ಹಾಗೆ ಮಲಗುತ್ತಿದ್ದದ್ದು ಹಾವುರಾಣಿಗಳು. ಹಲ್ಲಿಗಿಂತ ದೊಡ್ಡವು, ಎಣ್ಣೆ ಸವರಿದಂಥ ಕಂಚಿನ ಬಣ್ಣದ ಮೈ. ಪುಟ್ಟ ಕಾಲುಗಳು ಕಾಣದಿದ್ದರೆ ಹಾವಿನ ಮರಿಯೆಂದೇ ಅನ್ನಬೇಕು.

ಶಂಕರಪುರದಲ್ಲಿ ನಮ್ಮದು ಅಪ್ಪ ಕಟ್ಟಿಸಿದ ಸಣ್ಣ ಹೆಂಚಿನ ಮನೆ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅಪ್ಪನೂ ಹೋದ ಮೇಲೆ ಸೀರೆಗಳಿಗೆ ಫಾಲ್ಸ್ ಹೊಲಿದು ನನ್ನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ, "ಮೊದ್ಲು ಇವನೊಬ್ಬ ಓದಿ ದಡ ಸೇರ್ಲಿ" ಅನ್ನುತ್ತಿದ್ದಳು. ನಾನು ಏಳನೇ ಕ್ಲಾಸಿಗೇ ಓದು ಬಿಟ್ಟು, ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಕೆಲಸಕ್ಕೆ ಸೇರಿದೆ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಊಟದ ಡಬ್ಬಿ ಕಟ್ಟಿಕೊಟ್ಟಳು.

ಬಟ್ಟೆ ಒಗೆಯುವ ಕಲ್ಲಿನ ಅಡಿಯ ಸಂದಿನಲ್ಲಿ ಹಾವುರಾಣಿಗಳ ವಾಸ. ಹತ್ತು ಗಂಟೆಯ ಬಿಸಿಲು ಕಲ್ಲಿಗೆ ಬಿದ್ದಾಗ ಒಂದೊಂದೇ ಹೊರಗೆ ಬರುತ್ತಿದ್ದವು. ಅಕ್ಕಿ ಆರಿಸುವಾಗ ಸಿಕ್ಕ ಹುಳಗಳನ್ನು ಅಕ್ಕ ಎಸೆಯದೆ ಒಂದು ಮುಚ್ಚಳದಲ್ಲಿ ಕೂಡಿಡುತ್ತಿದ್ದಳು. ಮೊದಲ ಕೆಲವು ತಿಂಗಳು ಮುಚ್ಚಳವನ್ನು ಕಲ್ಲಿನ ಮೇಲಿಟ್ಟು ಹೊಸಿಲಿಗೆ ಬಂದು ಕೂತಳು. ಆಮೇಲೆ ಎರಡು ಮಾರು ದೂರದಲ್ಲಿ, ಆಮೇಲೆ ಒಂದು ಮಾರು. ಒಂದು ಮಳೆಗಾಲ ಕಳೆದು ಮತ್ತೆ ಬಿಸಿಲು ಬಲಿತಾಗ ಅಂಗೈಯನ್ನೇ ಕಲ್ಲಿನ ಮೇಲೆ ಚಾಚಿಟ್ಟಳು. ಎಲ್ಲಕ್ಕಿಂತ ದೊಡ್ಡದು ಬಂತು, ಬೆರಳಿಗೆ ನಾಲಿಗೆ ತಾಗಿಸಿ ನೋಡಿತು, ಅಂಗೈ ಹತ್ತಿ ಹುಳ ತಿಂದಿತು.

"ಅವಸರ ಮಾಡಿದ್ರೆ ಯಾರೂ ನಂಬಲ್ಲ ಕಣೋ" ಎಂದಳು, ತುಟಿ ಮಾತ್ರ ಅಲುಗಿಸಿ.

ಆ ದೊಡ್ಡದಕ್ಕೆ ಯಜಮಾನ್ರು ಎಂದು ಹೆಸರಿಟ್ಟಳು. ಬಾಲ ಕಳೆದುಕೊಂಡದ್ದು ಮೋಟಣ್ಣ. "ಏನ್ ಯಜಮಾನ್ರೇ, ಇವತ್ತು ಲೇಟು? ಬಸ್ ಸಿಗ್ಲಿಲ್ವಾ?" ಎಂದು ಅವಳು ವಿಚಾರಿಸುವುದು ಪಕ್ಕದ ಮನೆಗೂ ಕೇಳುತ್ತಿತ್ತು. ಅಲ್ಲಿನ ಸುಬ್ಬಮ್ಮನವರಿಗೆ ಇದನ್ನು ಕಂಡರೆ ಆಗದು.

"ಹಾವುರಾಣಿ ನೆಕ್ಕಿದ್ರೆ ನಿಂತಲ್ಲೇ ಸಾಯ್ತಾರಂತೆ ಕಣೇ!"

"ನನ್ನ ಕೈ ನೆಕ್ಕಿ ಎರಡು ವರ್ಷ ಆಯ್ತು ಸುಬ್ಬಮ್ನೋರೇ. ನಿಮ್ಮ ಸೀರೆಗೆ ಫಾಲ್ಸ್ ಹಾಕ್ತಿರೋದು ನನ್ನ ದೆವ್ವಾನಾ?"

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಮದುವೆಯಾಗಿ ಮಗಳು ಹುಟ್ಟಿದಳು. ಹೆಂಡತಿ ಶಾರದೆಗೆ ತಾಯಿ ಇರಲಿಲ್ಲ. ಬಾಣಂತನ ನಮ್ಮ ಮನೆಯಲ್ಲೇ, ಅಕ್ಕನ ಕೈಯಲ್ಲೇ ಆಯಿತು. ಬೆಳಗಾಗುವ ಮೊದಲೇ ಎದ್ದು ಹಂಡೆಗೆ ಉರಿ ಹಾಕಿ, ಬಾಣಂತಿಗೆ ಎಣ್ಣೆ ತಿಕ್ಕಿ ಸುಡುಸುಡು ನೀರು ಹಾಕುತ್ತಿದ್ದಳು. ಕೂಸನ್ನು ಕಾಲ ಮೇಲೆ ಮಲಗಿಸಿ ಎರೆದರೆ ಅದು ಅಳುತ್ತಲೇ ಇರಲಿಲ್ಲ. "ನಿನ್ನ ಕೈ ಒಳ್ಳೇದು ಕಣೇ" ಎಂದು ಸುಬ್ಬಮ್ಮನವರೇ ಒಪ್ಪಿದ್ದರು.

ಒಂದು ಮಧ್ಯಾಹ್ನ ಮೋಟಣ್ಣ ಮನೆಯೊಳಗೆ ಬಂದು ತೊಟ್ಟಿಲ ಕೆಳಗೆ ಮಲಗಿಬಿಟ್ಟಿತ್ತು. ಶಾರದೆ ಕಿರುಚಿಕೊಂಡಳು. ಅಕ್ಕ ಅದನ್ನು ಮೊರದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟಳು.

"ನಾಳೆಯಿಂದ ಬಾಗ್ಲು ಹಾಕಿರ್ತೀನಿ, ಹೆದರ್ಬೇಡಮ್ಮ" ಎಂದಳು.

ಸಂಜೆ ಶಾರದೆ ನನ್ನೆದುರು ಅತ್ತಳು. "ಮಗೂನ ನೆಕ್ಕಿದ್ರೆ ಏನ್ರೀ ಮಾಡೋದು? ನಿಮ್ಮಕ್ಕಂಗೆ ಹೇಳೋಕೆ ನಿಮಗೆ ಬಾಯಿಲ್ವಾ?"

ಇರಲಿಲ್ಲ. ಅಕ್ಕನಿಗೆ ಎದುರು ನಿಂತು ಒಂದು ಮಾತು ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನೀರು ಹಾಕುವ ಕೆಲಸ ಮುಗಿಸಿ ಅಕ್ಕ ಸೀರೆಗಳನ್ನು ಕೊಡಲು ಗವಿಪುರಕ್ಕೆ ಹೋದಳು. ಹಂಡೆಯಲ್ಲಿ ಇನ್ನೂ ಅರ್ಧ ನೀರು ಕುದಿಯುತ್ತಿತ್ತು. ಬಿಸಿಲು ಕಲ್ಲಿಗೆ ಬಂದಿರಲಿಲ್ಲ, ಎಲ್ಲವೂ ಒಳಗೇ ಇದ್ದವು. ಎರಡು ಬಕೆಟ್ ನೀರನ್ನು ಆ ಸಂದಿಗೆ ಸುರಿದೆ. ಯಜಮಾನ್ರು ಮತ್ತು ಇನ್ನೊಂದು ಬಚ್ಚಲ ಕಾಲುವೆಯವರೆಗೆ ಬಂದು ಅಲ್ಲೇ ಬಿದ್ದವು. ಉಳಿದವು ಹೊರಗೆ ಬರಲೇ ಇಲ್ಲ. ನಾನು ಬಕೆಟ್ ಕವುಚಿಟ್ಟು ಪ್ರೆಸ್ಸಿಗೆ ಹೊರಟುಹೋದೆ.

ಸಂಜೆ ಬಂದಾಗ ಅಕ್ಕ ಕಲ್ಲಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಮುಂದೆ ಬಾಳೆ ಎಲೆಯ ಮೇಲೆ ಆ ಎರಡು.

"ನಾನೇ ಕಣೋ ಕೊಂದಿದ್ದು" ಎಂದಳು. "ಬೆಳಿಗ್ಗೆ ಬಚ್ಚಲ ತೂಬಿಗೆ ಸೀಗೇಕಾಯಿ ಗಸಿ ಕಟ್ಕೊಂಡು ಬಿಸಿನೀರು ಈ ಕಡೆ ನುಗ್ತಿತ್ತು. ನೋಡ್ದೆ. ಆಮೇಲೆ ತೆಗೆಯೋಣ ಅಂತ ಬಿಟ್ಟೆ."

ಕೊಂದದ್ದು ಅವಳಲ್ಲ ಎನ್ನಲು ಒಂದು ಮಾತು ಸಾಕಿತ್ತು. ನಾನು ಗುದ್ದಲಿ ತಂದು ನಿಂಬೆ ಗಿಡದ ಬುಡದಲ್ಲಿ ಗುಂಡಿ ತೆಗೆದುಕೊಟ್ಟೆ.

ಆ ದಿನದಿಂದ ಅವಳು ತನ್ನ ಕೈಯನ್ನು ನಂಬಲಿಲ್ಲ. ಕೂಸಿಗೆ ಎರೆಯುವಾಗ ನೀರಿನ ಬಿಸಿಯನ್ನು ನಾಲ್ಕು ಸಲ ಮುಟ್ಟಿ ನೋಡಿ, ಕೊನೆಗೆ ಎರೆಯುವುದನ್ನೇ ಬಿಟ್ಟಳು. ಸುಬ್ಬಮ್ಮನವರು ಮೊಮ್ಮಗುವಿಗೆ ನೀರು ಹಾಕಲು ಕರೆದಾಗ, "ಬೇಡಿ, ನನ್ನ ಕೈ ಸರಿಯಿಲ್ಲ" ಎಂದಳು. ಒಂದೆರಡು ವರ್ಷದ ಮೇಲೆ ಎಲ್ಲಿಂದಲೋ ಒಂದು ಮರಿ ಹಾವುರಾಣಿ ಕಲ್ಲಿನ ಮೇಲೆ ಕಾಣಿಸಿಕೊಂಡಿತು. ನನ್ನ ಮಗಳು ಅವಳ ಸೆರಗು ಜಗ್ಗಿ, "ಅತ್ತೆ, ಕರಿ ಅದನ್ನ" ಎಂದಳು. ಅಕ್ಕ ದೂರದಿಂದಲೇ, "ಹೋಗಪ್ಪಾ, ಬೇರೆ ಮನೆ ನೋಡ್ಕೋ" ಎಂದು ಒಳಗೆ ಬಂದುಬಿಟ್ಟಳು. ನಾನು ಅಲ್ಲೇ ಪೇಪರ್ ಓದುತ್ತ ಕೂತಿದ್ದೆ.

ಏಳೆಂಟು ವರ್ಷ ಹೀಗೇ ಹೋಯಿತು. ಆಮೇಲೆ ಅವಳ ಮೂತ್ರಪಿಂಡ ಕೆಟ್ಟಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ದಿನ, ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡು ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ಕೂತು, "ಅಕ್ಕಾ, ಒಂದು ವಿಷ್ಯ" ಎಂದೆ.

"ನಾನೂ ಒಂದು ಹೇಳ್ಬೇಕಿತ್ತು" ಎಂದಳು. "ಅವತ್ತು ಆ ನೀರು... ಅಷ್ಟು ಜೀವ ತೆಗೆದೆ. ನೀನು ಒಂದು ದಿನಾನೂ ಆಡಿ ತೋರಿಸ್ಲಿಲ್ಲ. ಬೇರೆಯವರಾಗಿದ್ರೆ ಎಷ್ಟು ಅಂತಿದ್ರೋ."

ನನ್ನ ಬಾಯಿಂದ ಬಂದದ್ದು ಇಷ್ಟೇ: "ಹೋಗ್ಲಿ ಬಿಡಕ್ಕಾ. ಗೊತ್ತಿಲ್ದೆ ಆಗಿದ್ದಲ್ವಾ?"

ಅವಳ ಮುಖ ಸಡಿಲವಾಯಿತು. ಎಷ್ಟೋ ವರ್ಷಗಳಿಂದ ಆ ಮಾತಿಗೇ ಕಾದಿದ್ದವಳಂತೆ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು. "ನಿನ್ನ ವಿಷ್ಯ ಏನೋ?" ಎಂದು ಕೇಳಿದಳು. ಏನಿಲ್ಲ ಎಂದೆ. ಮೂರನೆಯ ದಿನ ಹೋಗಿಬಿಟ್ಟಳು. ಕೊಂದವನು ನಾನು, ಅವಳನ್ನು ಕ್ಷಮಿಸಿದವನೂ ನಾನೇ.