ಅಮ್ಮನ ಬಾಯಿ ಬಿಡಿಸಿದವರು

ನಮ್ಮಮ್ಮ ಮಹಾ ಬಾಯಿಬಡುಕಿ. ಹೀಗಂದರೆ ಪಾಪ ಬರುತ್ತದೇನೋ, ಬರಲಿ. ಆ ಬಾಯಿ ನಿಂತುಹೋದಾಗ ನಾವು ಪಟ್ಟ ಪಾಡು ನಮಗೇ ಗೊತ್ತು.

ಕೊಡಗು ಆಗ ಬೇರೆಯೇ ರಾಜ್ಯ. ಹಾಸನದ ಕಡೆಯಿಂದ ಬಂದ ನಾವು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡಿದ್ದೆವು. ನನ್ನ ತಮ್ಮನಾಗಬೇಕಿದ್ದ ಕೂಸು ಹುಟ್ಟಿದ ವಾರಕ್ಕೇ ಹೋಯಿತು. ಅಂದಿನಿಂದ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಮಾತಿಲ್ಲ, ಕತೆಯಿಲ್ಲ. ತುತ್ತು ಬಾಯಿಗಿಟ್ಟರೆ ನುಂಗುತ್ತಿದ್ದಳು, ಅಷ್ಟೇ. ದೆವ್ವ ಮೆಟ್ಟಿಕೊಂಡಿದೆ ಎಂದು ಅಪ್ಪನ ತಾಯಿ, ನಮ್ಮಜ್ಜಿ, ತೀರ್ಮಾನಿಸಿದಳು. ಮುಂದಿನ ಅಮಾವಾಸ್ಯೆಗೆ ಮಂತ್ರವಾದಿ ಬರುವುದೆಂದಾಯಿತು. ಅವನು ದೆವ್ವ ಬಿಡಿಸುವುದು ಹೊಡೆದು ಎಂದು ಊರಿಗೆಲ್ಲ ಗೊತ್ತಿತ್ತು. ಹೆದರಿಕೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಸಂಜೆ ಪಕ್ಕದ ಸಾಬರ ಮನೆಯ ಚಾಚಿ ಬಟ್ಟಲು ಹಿಡಿದು ಬಂದಳು. "ಜರಾ ಹೆಪ್ಪು ಕೊಡೇ ಮಗಳೇ, ನಮ್ಮ ಮೊಸರು ಕೆಟ್ಟೋಯ್ತು." ದೇವರಿಗೆ ದೀಪ ಹಚ್ಚಿ ಆಗಿತ್ತು. ಆಮೇಲೆ ಮೊಸರು ಮನೆಯಾಚೆ ಹೋಗಕೂಡದು, ಅದು ನಮ್ಮಲ್ಲಿ ಕಟ್ಟುನಿಟ್ಟು. ಅಜ್ಜಿ ಕೊಟ್ಟಿಗೆಯಲ್ಲಿದ್ದಳು. ಚಾಚಿಗೆ ಇಲ್ಲವೆನ್ನಲು ನಾಚಿಕೆಯಾಗಿ ನಾನು ಗಡಿಗೆಗೆ ಸೌಟು ಹಾಕಿದೆ.

"ದೀಪ ಹಚ್ಚಿದ ಮೇಲೆ ಮೊಸರು ಕೊಡ್ತಾರೇನೇ, ಮನೆಹಾಳಿ!"

ಗೋಡೆಯ ಕಡೆಯಿಂದ ಬಂತು. ಅಯ್ಯೋ, ಬೈಸಿಕೊಂಡು ಅಷ್ಟು ಖುಷಿ ನನಗೆ ಜನ್ಮದಲ್ಲೇ ಆಗಿಲ್ಲ! ಸೌಟು ಬಿಸಾಕಿ ಕುಣಿದುಬಿಟ್ಟೆ. ಚಾಚಿ ಬಟ್ಟಲು ಕೆಳಗಿಟ್ಟು ಅತ್ತಳು.

ಮಾರನೇ ದಿನ ಅಮ್ಮ ಮತ್ತೆ ಮೌನ. ಆದರೆ ಚಾಚಿಗೆ ದಾರಿ ಸಿಕ್ಕಿತ್ತು. ದೀಪ ಹಚ್ಚುವುದನ್ನೇ ಕಾದಿದ್ದು, ಬೇಕಂತಲೇ ಬಟ್ಟಲು ಹಿಡಿದು ಬಂದಳು. ಆಚೆ ಮನೆಯ ಗೌಡರ ಅಕ್ಕನಿಗೂ ಹೇಳಿಕೊಟ್ಟಳು. ಆ ಅಕ್ಕ ತನ್ನ ಮನೆಮಾತಾದ ಅರೆಭಾಷೆಯಲ್ಲಿ ಮುಸ್ಸಂಜೆ ಹೊತ್ತಿಗೆ ಉಪ್ಪು ಕೇಳುವಳು, ನಮ್ಮ ಹೊಸ್ತಿಲ ಮೇಲೆ ಕೂತು ತಲೆ ಬಾಚುವಳು. ಮಾಡಬಾರದ್ದನ್ನೆಲ್ಲ ಮಾಡಿದರು ಪುಣ್ಯಾತ್ಗಿತ್ತಿಯರು. ಅಮ್ಮ ಮೊದಮೊದಲು ಮಲಗಿದಲ್ಲಿಂದಲೇ ಬೈದಳು, ಆಮೇಲೆ ಎದ್ದು ಕೂತು ಬೈದಳು, ಕೊನೆಗೆ ಬಾಗಿಲಿಗೇ ಬಂದು ಬೈದಳು. ಅಜ್ಜಿ ಮಾತ್ರ, "ಬೈಯ್ತಿರೋದೂ ಆ ದೆವ್ವವೇ" ಎಂದು ಹಟ ಹಿಡಿದಿದ್ದಳು.

ಬೈದು ಸುಸ್ತಾದ ಒಂದು ದಿನ ಅಮ್ಮ ಅವರಿಬ್ಬರ ನಡುವೆ ಕೂತು, ಕೂಸಿನ ಬೆರಳು ಎಷ್ಟು ಉದ್ದವಿತ್ತು ಎಂದು ಹೇಳುತ್ತಾ ಗೋಳೋ ಎಂದು ಅತ್ತಳು. ಅಳಬೇಡ ಎಂದು ಯಾರೂ ಅನ್ನಲಿಲ್ಲ. ಇಬ್ಬರೂ ಬೆನ್ನು ಸವರುತ್ತ ಕೂತರು.

ಅಮಾವಾಸ್ಯೆ ದಿನ ಮಂತ್ರವಾದಿ ಬಂದೇಬಿಟ್ಟ, ಕಂಕುಳಲ್ಲಿ ಹೊಡೆಯುವ ಹುಣಸೆ ಬರಲು ಇಟ್ಟುಕೊಂಡು.

"ದೆವ್ವ ಹಿಡಿದಿರೋದು ಯಾರಿಗೆ?"

"ನನಗೇ. ಮೊದಲು ಕಾಲು ತೊಳ್ಕೊಂಡು ಕಾಫಿ ಕುಡೀರಿ, ಆಮೇಲೆ ಹೊಡೆಯೋರಂತೆ" ಅಂದಳು ಅಮ್ಮ. ಮಾತೇನೋ ಗಟ್ಟಿಯಾಗಿಯೇ ಇತ್ತು, ಆದರೆ ಬರಲಿನ ಮೇಲೆ ಕಣ್ಣಿಟ್ಟೇ ಬೆನ್ನ ತುಂಬ ಸೆರಗು ಎಳೆದುಕೊಂಡಳು.

ಅಜ್ಜಿ ಅದನ್ನು ನೋಡಿದಳು. ಅವನ ಕಂಕುಳಿಂದ ಬರಲು ಕಿತ್ತುಕೊಂಡು, ಲಟಲಟ ಮುರಿದು ಒಲೆಗೆ ಹಾಕಿದಳು.

"ಕಾಫಿ ಕುಡಿದು ಹೊರಡಪ್ಪ. ನನ್ನ ಸೊಸೆಗೆ ದೆವ್ವಗಿವ್ವ ಏನೂ ಹಿಡಿದಿಲ್ಲ. ಅವಳ ಮಗ ಹೋಗಿದಾನೆ" ಅಂದಳು.